ಗುಳ್ಳೆ ಬಂದಿದೆ ಎಂದು ಬರೆದುಕೊಳ್ಳಿ

ಇಪ್ಪತ್ತೆಂಟು ವರ್ಷ ನಾನು ಮಕ್ಕಳಿಂದ ಒಂದೇ ಸುಳ್ಳನ್ನು ಬರೆಸಿದ್ದೇನೆ. ದೊಡ್ಡ ಸುಳ್ಳೇನಲ್ಲ, ಯಾರ ಮನೆಯೂ ಅದರಿಂದ ಮುಳುಗಲಿಲ್ಲ. ಕಡಬದ ಕಡೆಯ ಒಂದು ಸರಕಾರಿ ಪ್ರೌಢಶಾಲೆಯಲ್ಲಿ ನಾನು ವಿಜ್ಞಾನದ ಟೀಚರ್ ಆಗಿದ್ದೆ. ಗಿಡಗಳು ಬೆಳಕಿನಲ್ಲಿ ಆಹಾರ ತಯಾರಿಸುವ ಪಾಠಕ್ಕೆ ಒಂದು ಪ್ರಯೋಗ ಇತ್ತು. ಗಾಜಿನ ಬೀಕರಿನಲ್ಲಿ ನೀರು, ನೀರಿನಲ್ಲಿ ಹೈಡ್ರಿಲ್ಲ ಗಿಡ, ಗಿಡದ ಮೇಲೆ ಮಗುಚಿದ ಆಲಿಕೆ, ಅದರ ಮೇಲೆ ನೀರು ತುಂಬಿ ಬೋರಲು ಹಾಕಿದ ಪ್ರನಾಳ. ಬಿಸಿಲಿಗೆ ಇಟ್ಟರೆ ಎಲೆಗಳಿಂದ ಆಮ್ಲಜನಕದ ಗುಳ್ಳೆಗಳು ಎದ್ದು ಪ್ರನಾಳದ ತುದಿ ಸೇರುತ್ತವೆ ಎಂದು ಪುಸ್ತಕ ಹೇಳುತ್ತಿತ್ತು. ಪುಸ್ತಕ ಬರೆದವರ ಊರಿನಲ್ಲಿ ಸೇರುತ್ತಿದ್ದವೋ ಏನೋ. ನಮ್ಮಲ್ಲಿ ಆ ಪಾಠ ಬರುತ್ತಿದ್ದುದು ಆಟಿ ತಿಂಗಳಿನ ಜಡಿಮಳೆಯಲ್ಲಿ. ಆಟಿಯಲ್ಲಿ ಮಧ್ಯಾಹ್ನ ಹನ್ನೆರಡಕ್ಕೂ ಕ್ಲಾಸಿಗೆ ಲೈಟು ಬೇಕು. ಹಾಕಲು ಕರೆಂಟು ಇರುವುದಿಲ್ಲ, ಆ ಮಾತು ಬೇರೆ. ಇಡೀ ರಾಜ್ಯಕ್ಕೆ ಪಠ್ಯ ಒಂದೇ, ಬಿಸಿಲು ಮಾತ್ರ ಒಂದೊಂದು ಜಿಲ್ಲೆಗೆ ಒಂದೊಂದು ಬಗೆ.

ಬೀಕರನ್ನು ಕಿಟಕಿಯ ದಂಡೆಯ ಮೇಲೆ ಇಡುತ್ತಿದ್ದೆ. ಗಿಡವೂ ಹೈಡ್ರಿಲ್ಲ ಆಗಿರುತ್ತಿರಲಿಲ್ಲ, ಅಟೆಂಡರ್ ಶಾಲೆಯ ಹಿಂದೆ ಹರಿಯುವ ತೋಡಿನಿಂದ ಕಿತ್ತು ತಂದ ಯಾವುದೋ ಒಂದು ಹಸಿರು. ಮಕ್ಕಳು ಸುತ್ತ ನಿಂತು ಕತ್ತು ಚಾಚಿ ನೋಡುತ್ತಿದ್ದರು. ಹೊರಗೆ ಮಳೆ, ಒಳಗೆ ಒದ್ದೆ ಯೂನಿಫಾರ್ಮಿನ ವಾಸನೆ. ಬೆಲ್ ಹೊಡೆಯುವವರೆಗೆ ಕಾದರೂ ಒಂದು ಗುಳ್ಳೆ ಏಳುತ್ತಿರಲಿಲ್ಲ. ಆಗ ನಾನು ಚಾಕ್‌ಪೀಸಿನಿಂದ ಮೇಜು ಕುಟ್ಟಿ, "ಗುಳ್ಳೆ ಬಂದಿದೆ ಎಂದು ಬರೆದುಕೊಳ್ಳಿ" ಎನ್ನುತ್ತಿದ್ದೆ. ಮಕ್ಕಳು ಬರೆದುಕೊಳ್ಳುತ್ತಿದ್ದರು. ಪರೀಕ್ಷೆಯಲ್ಲಿ ಅದನ್ನೇ ಬರೆದು ಪಾಸಾಗುತ್ತಿದ್ದರು.

ಒಂದು ವರ್ಷ ಎಂಟನೆಯ ತರಗತಿಯ ಒಬ್ಬ ಹುಡುಗಿ ಬರೆಯಲಿಲ್ಲ. ತೆಳ್ಳಗಿನ, ಮಾತು ಕಡಿಮೆಯ ಹುಡುಗಿ, ಎರಡನೆಯ ಬೆಂಚಿನವಳು. ಅವಳ ರೆಕಾರ್ಡ್ ಪುಸ್ತಕದಲ್ಲಿ 'ವೀಕ್ಷಣೆ' ಎಂಬ ಕಡೆ ದುಂಡು ಅಕ್ಷರದಲ್ಲಿ ಹೀಗಿತ್ತು: "ಬೆಲ್ ಆಗುವವರೆಗೆ ಕಾದೆವು. ಗುಳ್ಳೆ ಬರಲಿಲ್ಲ." ನನಗೆ ಮೂಗಿನ ತುದಿಯಲ್ಲಿ ಸಿಟ್ಟು. ಆ ವಾರ ಶಾಲೆಗೆ ಮೇಲಿನವರು ತಪಾಸಣೆಗೆ ಬರುವವರಿದ್ದರು, ರೆಕಾರ್ಡುಗಳನ್ನು ಅವರು ತೆಗೆದು ನೋಡುತ್ತಾರೆ. ಕೆಂಪು ಶಾಯಿಯಲ್ಲಿ ಆ ಸಾಲು ಹೊಡೆದುಹಾಕಿದೆ, ಎರಡು ಅಂಕ ಕಳೆದೆ. ಸಾಲದ್ದಕ್ಕೆ ಅವಳನ್ನು ಎಬ್ಬಿಸಿ ನಿಲ್ಲಿಸಿ, ನಾನು ತಿದ್ದಿ ಬರೆದ ಸಾಲನ್ನು ಇಡೀ ತರಗತಿಯ ಎದುರು ಗಟ್ಟಿಯಾಗಿ ಓದಿಸಿದೆ. ಅವಳು ಓದಿದಳು. ಆ ಸ್ವರ ನನಗೆ ಆಗ ಏನೂ ಅನ್ನಿಸಲಿಲ್ಲ.

ಅನ್ನಿಸಿದ್ದು ನಿವೃತ್ತಿಯಾದ ಮೇಲೆ. ಕೆಲಸ ಬಿಟ್ಟವರಿಗೆ ಸಮಯ ಜಾಸ್ತಿ, ಸಮಯ ಜಾಸ್ತಿ ಇದ್ದವರಿಗೆ ನೆನಪು ಜಾಸ್ತಿ. ನಾವು ಪುತ್ತೂರಿನಲ್ಲಿ ಮನೆ ಮಾಡಿದ್ದೆವು. ನನಗೆ ಸಕ್ಕರೆ ಕಾಯಿಲೆ ಶುರುವಾಗಿ, ತಿಂಗಳಿಗೊಮ್ಮೆ ಒಂದು ಆಸ್ಪತ್ರೆಯ ಲ್ಯಾಬಿಗೆ ಹೋಗಿ ರಕ್ತ ಕೊಡಬೇಕಾಯಿತು. ಮೊದಲನೆಯ ಸಲ ಹೋದಾಗ ಸಿರಿಂಜ್ ಹಿಡಿದು ಬಂದವಳು ಅವಳೇ. ಈಗ ಮೂವತ್ತು ದಾಟಿದ ಹೆಂಗಸು, ಬಿಳಿ ಕೋಟು, ಕೂದಲಿಗೆ ಕ್ಲಿಪ್ಪು. "ಟೀಚರ್! ನೀವಾ?" ಎಂದು ಬಾಯಿ ತುಂಬ ನಕ್ಕಳು. ರೆಕಾರ್ಡಿನ ಸುದ್ದಿ ಅವಳು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಸೂಜಿ ಚುಚ್ಚುವಾಗೆಲ್ಲ ನಾನು ಗೋಡೆ ನೋಡುತ್ತಿದ್ದೆ. ಟೀಚರಿಗೆ ಸೂಜಿ ಎಂದರೆ ಹೆದರಿಕೆ ಎಂದು ಲ್ಯಾಬಿನವರೆಲ್ಲ ತಿಳಿದುಕೊಂಡಿದ್ದರು. ನನಗೆ ಹೆದರಿಕೆ ಸೂಜಿಯದ್ದಲ್ಲ.

ಅಲ್ಲಿಂದ ನನ್ನ ತಲೆಗೆ ಒಂದು ಹುಳ ಹೊಕ್ಕಿತು. ಆ ಗುಳ್ಳೆಯನ್ನು ಒಮ್ಮೆಯಾದರೂ ಕಣ್ಣಾರೆ ನೋಡಬೇಕು, ಅವಳಿಗೂ ತೋರಿಸಬೇಕು. ತೋರಿಸಿ, ಅವತ್ತು ಬರಲಿಲ್ಲ ಎಂದು ನೀನು ಬರೆದದ್ದು ಸರಿ, ತಪ್ಪು ನನ್ನದು ಎಂದು ಹೇಳಬೇಕು. ಬರಿಗೈಯಲ್ಲಿ ಹೋಗಿ ತಪ್ಪಾಯಿತು ಎನ್ನುವುದಕ್ಕೆ ನನ್ನ ಜಂಬ ಬಿಡಲಿಲ್ಲ. ಟೀಚರುಗಳ ಜಂಬ ಪೆನ್ಶನ್ನಿನ ಜೊತೆಗೇ ಬರುತ್ತದೆ.

ಗಿಡ ಬೆಳೆಸಲು ಟ್ಯಾಂಕ್ ಸಿಕ್ಕಿದ್ದು ಅದೃಷ್ಟದಿಂದ. ನಮ್ಮ ಕೆಳಗಿನ ಮನೆಯ ಬಾಡಿಗೆಯವರು ವರ್ಗವಾಗಿ ಹೋಗುವಾಗ ಮೂರಡಿಯ ಗಾಜಿನ ಮೀನುತೊಟ್ಟಿಯನ್ನು ಬಿಟ್ಟುಹೋದರು. ಸರಕಾರಿ ಬಸ್ಸಿನ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ ನನ್ನ ಗಂಡ ಅದನ್ನು ತೊಳೆದು, ಸೋರುವಲ್ಲಿ ಅಂಟು ಹಚ್ಚಿ, ಹಾಲ್‌ನಲ್ಲಿ ಇಟ್ಟರು. ಮೇಲೆ ಎರಡು ಎಲ್‌ಇಡಿ ಲೈಟು ಕಟ್ಟಿದರು. ಬಿಸಿಲಿನ ಹಂಗು ಬೇಡ ಎಂಬುದು ನನ್ನ ಹಟ. ಹತ್ತು ಗಪ್ಪಿ ಮೀನು ತಂದು ಬಿಟ್ಟೆವು.

ಗಿಡ ತಂದದ್ದು ಅರಂತೋಡಿನಿಂದ. ನನ್ನ ಗಂಡನ ತಂಗಿಯ ಮನೆ ಅಲ್ಲಿ, ಮನೆಯ ಕೆಳಗೆ ತೋಡು. ಕಲ್ಲುಗಳ ಸಂದಿಯಲ್ಲಿ ರಿಬ್ಬನ್ನಿನಂಥ ಉದ್ದ ಎಲೆಯ ಗಿಡ ಹರಿವಿಗೆ ತಲೆ ಬಾಗಿಸಿಕೊಂಡು ಇರುತ್ತದೆ. ಅಂಥದ್ದನ್ನೇ ಪುತ್ತೂರಿನ ಅಂಗಡಿಯಲ್ಲಿ ಪುಟ್ಟ ಕುಂಡದಲ್ಲಿ ಇಟ್ಟು, ಬಾಯಿಗೆ ಬಾರದ ಒಂದು ಹೆಸರು ಹೇಳಿ ಮಾರುತ್ತಾರೆ. ನಾನು ಸೀರೆ ಎತ್ತಿ ಕಟ್ಟಿ ತೋಡಿಗೆ ಇಳಿದದ್ದನ್ನು ನೋಡಿ ನಾದಿನಿ ನಕ್ಕದ್ದೇ ನಕ್ಕದ್ದು. "ಇದನ್ನು ದನವೂ ಮೂಸುದಿಲ್ಲ ಅತ್ತಿಗೆ, ನೀವು ಬಸ್ಸಲ್ಲಿ ಹೊತ್ತುಕೊಂಡು ಹೋಗುದಾ?" ಎಂದಳು. ಒದ್ದೆ ಗೋಣಿಯಲ್ಲಿ ಸುತ್ತಿ, ಬಸ್ಸಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಹೊತ್ತುಕೊಂಡೇ ಹೋದೆ.

ಎರಡು ವಾರದಲ್ಲಿ ಗಿಡ ಬಳಲಿತು. ಎಲೆಗಳು ತೆಳ್ಳಗಾಗಿ, ಕರಗಿ, ತುದಿಯಿಂದ ಕೊಳೆಯತೊಡಗಿದವು. ತೋಡಿನಲ್ಲಿ ಹರಿಯುವ ನೀರು ಗಿಡಕ್ಕೆ ಬೇಕಾದ ಗಾಳಿಯನ್ನು ಹೊತ್ತು ತರುತ್ತದೆ. ತೊಟ್ಟಿಯ ನೀರು ನಿಂತ ನೀರು; ಅದರಲ್ಲಿರುವ ಇಂಗಾಲದ ಡೈಆಕ್ಸೈಡ್ ಲೈಟು ಹಾಕಿದ ಸ್ವಲ್ಪ ಹೊತ್ತಿನಲ್ಲೇ ಮುಗಿಯುತ್ತದೆ. ಸಮೀಕರಣವನ್ನು ಬೋರ್ಡಿನ ಮೇಲೆ ಸಾವಿರ ಸಲ ಬರೆದವಳು ನಾನು. ಆದರೂ ಎಡಗಡೆಯ ಮೊದಲ ಹೆಸರನ್ನು ಎಲ್ಲಿಂದ ತರುವುದು ಎಂದು ನಾನೇ ಯಾವತ್ತೂ ಯೋಚಿಸಿರಲಿಲ್ಲ. ಅದಕ್ಕೆ ಸಿಲಿಂಡರ್ ಸಿಗುತ್ತದಂತೆ. ಆದರೆ ಮನೆಯಲ್ಲೇ ಬಾಟ್ಲಿಯಲ್ಲಿ ಮಾಡುವವರೂ ಇದ್ದಾರೆ ಎಂದು ಮೊಬೈಲಿನಲ್ಲಿ ನೋಡಿದೆ. ಸಕ್ಕರೆ ನೀರಿಗೆ ಈಸ್ಟ್ ಹಾಕಿ ಮುಚ್ಚಿದರೆ, ಈಸ್ಟ್ ಸಕ್ಕರೆ ತಿಂದು ಆ ಗಾಳಿಯನ್ನು ಬಿಡುತ್ತದೆ. ಬಾಟ್ಲಿಯಿಂದ ತೊಟ್ಟಿಗೆ ಒಂದು ಟ್ಯೂಬ್, ಅಷ್ಟೆ.

ಈಸ್ಟಿಗೆ ಬೇಕರಿಗೆ ಹೋದೆ. ಬೇಕರಿಯವನೂ ನನ್ನ ಹಳೆಯ ವಿದ್ಯಾರ್ಥಿ. "ಕೇಕ್ ಮಾಡುದಾ ಟೀಚರ್?" ಎಂದು ಕೇಳಿದ. ಮೀನಿನ ತೊಟ್ಟಿಗೆ ಎಂದೆ. ಅವನು ನನ್ನ ಮುಖವನ್ನೊಮ್ಮೆ ನೋಡಿ ಕಾಗದದಲ್ಲಿ ಕಟ್ಟಿಕೊಟ್ಟ. ಟ್ಯೂಬಿಗೆ ಮೆಡಿಕಲ್ ಶಾಪಿನಿಂದ ಒಂದು ಡ್ರಿಪ್ ಸೆಟ್ ತಂದೆವು. ಆಸ್ಪತ್ರೆಯಲ್ಲಿ ಗ್ಲುಕೋಸ್ ಏರಿಸುವಾಗ ತೊಟ್ಟಿಕ್ಕುವುದು ಕಾಣುವ ಪಾರದರ್ಶಕ ಕೊಳವೆ ಇರುತ್ತದಲ್ಲ, ಅದರಲ್ಲಿ ಸ್ವಲ್ಪ ನೀರು ಹಾಕಿಟ್ಟರೆ ಗಾಳಿ ಹೋಗುವುದನ್ನು ಒಂದೊಂದಾಗಿ ಎಣಿಸಬಹುದು. ಕೆಳಗೆ ಟ್ಯೂಬನ್ನು ಅಮುಕುವ ಪುಟ್ಟ ಚಕ್ರವೂ ಇರುತ್ತದೆ. ನನ್ನ ಗಂಡ ಎರಡು ಲೀಟರಿನ ಬಾಟ್ಲಿಯ ಮುಚ್ಚಳಕ್ಕೆ ತೂತು ಕೊರೆದು, ಟ್ಯೂಬ್ ತೂರಿಸಿ, ಇಂಜಿನ್ ಕಟ್ಟುವ ಗಂಭೀರತೆಯಲ್ಲಿ ಅಂಟು ಮೆತ್ತಿದರು. ನೀರೊಳಗಿನ ತುದಿಗೆ ಬಿದಿರಿನ ಕಡ್ಡಿ ಸಿಕ್ಕಿಸಿದರು. ಅದರ ಎಳೆಗಳ ಸಂದಿಯಿಂದ ಗಾಳಿ ಹುಡಿಯಾಗಿ ಬಂದು ನೀರಿಗೆ ಬೇಗ ಕರಗುತ್ತದೆ. ಉಗುರು ಬೆಚ್ಚಗಿನ ನೀರಿಗೆ ಸಕ್ಕರೆ ಕರಗಿಸಿ, ಚಿಟಿಕೆ ಈಸ್ಟ್ ಉದುರಿಸಿ, ಮುಚ್ಚಿದೆವು. ಮರುದಿನ ಬೆಳಿಗ್ಗೆ ನಾನು ಹಲ್ಲುಜ್ಜುತ್ತಿರುವಾಗ ಹಾಲ್‌ನಿಂದ ಗಂಡನ ಕೂಗು. "ಬಾ ಮಾರಾಯ್ತಿ, ಗ್ಯಾಸ್ ಬಂತು, ಗ್ಯಾಸ್ ಬಂತು!"

ಆ ಒಂದು ಶಬ್ದದಿಂದ ಅನಾಹುತವಾಯಿತು. ಆ ದಿನಗಳಲ್ಲಿ ನಾದಿನಿ ನಮ್ಮಲ್ಲಿಗೆ ಬಂದಿದ್ದಳು. ಸುಳ್ಯದಲ್ಲಿ ಒಂದು ಮದುವೆ, ಮೂವರೂ ಹೊರಟೆವು. ಮನೆ ಬಿಡುವಾಗ ಗ್ಯಾಸ್ ಆಫ್ ಮಾಡಿದ್ದು ಹೌದಾ ಎಂದು ಎರಡು ಸಲ ನೋಡದೆ ಹೊರಡುವ ಹೆಂಗಸು ನಮ್ಮ ಕಡೆ ಇಲ್ಲ. ನಾದಿನಿ ಅಡುಗೆಮನೆಯ ರೆಗ್ಯುಲೇಟರ್ ತಿರುಗಿಸಿದಳು. ಅಡುಗೆಮನೆಯಿಂದ ಹೊರಗೆ ಬರುವಾಗ, ಅಣ್ಣ ಬೆಳಿಗ್ಗೆ ಬೆಳಿಗ್ಗೆ 'ಗ್ಯಾಸ್' ಎಂದು ಬೊಬ್ಬೆ ಹೊಡೆದ ಬಾಟ್ಲಿಯೂ ಕಂಡಿತು. ಅದರ ಚಕ್ರವನ್ನೂ ಗಟ್ಟಿಯಾಗಿ ತಿರುಗಿಸಿ ಮುಚ್ಚಿದಳು.

ಸಂಜೆ ಬಂದು ಬಾಗಿಲು ತೆಗೆದರೆ ಬಾಟ್ಲಿಯ ಮುಚ್ಚಳ ಹಾರಿ ಮೂಲೆಗೆ ಬಿದ್ದಿತ್ತು. ಗೋಡೆ, ಸೋಫಾ, ಕ್ಯಾಲೆಂಡರ್ ಎಲ್ಲ ಕಡೆ ಅಂಟು ಪಾಕ, ನೆಲದಲ್ಲಿ ಇರುವೆಗಳ ಮೆರವಣಿಗೆ. ಮನೆಯಿಡೀ ಹುಳಿ ಕಳ್ಳಿನ ವಾಸನೆ. ತೊಟ್ಟಿಯೊಳಗೆ ಏನೂ ಹೋಗಿರಲಿಲ್ಲ, ಮೀನುಗಳು ಯಾವ ಪಾಪವೂ ತಿಳಿಯದೆ ಈಜಿಕೊಂಡಿದ್ದವು. ನಾನು ನಾದಿನಿಯ ಮೇಲೆ ರೇಗಿದೆ, ರೆಕಾರ್ಡ್ ತಿದ್ದುವ ಹಳೆಯ ಸ್ವರದಲ್ಲೇ ರೇಗಿದೆ. ಅವಳೇನು ಎಂಟನೆಯ ತರಗತಿಯವಳಲ್ಲ. "ಗ್ಯಾಸ್ ಅಂತ ಹೇಳಿದ್ದು ಅಣ್ಣ. ಗ್ಯಾಸ್ ಅಂದ ಮೇಲೆ ಆಫ್ ಮಾಡುದು ಬೇಡ್ವಾ? ಉರಿಯದ ಗ್ಯಾಸ್ ಉಂಟು ಅಂತ ನನಗೆ ಯಾರು ಹೇಳಿದ್ರು?" ಎಂದು ಸೊಂಟಕ್ಕೆ ಕೈ ಕೊಟ್ಟು ಕೇಳಿದಳು. ಯಾರೂ ಹೇಳಿರಲಿಲ್ಲ. ವಿಜ್ಞಾನದ ಟೀಚರ್ ಮನೆಯಲ್ಲಿದ್ದೂ ಹೇಳಿರಲಿಲ್ಲ. ಅಷ್ಟರಲ್ಲಿ ಪಕ್ಕದ ಮನೆಯವರು ಗೇಟಿನ ಹತ್ತಿರ ಬಂದು, "ನಿಮ್ಮಲ್ಲಿ ಎಂತದೋ ವಾಸನೆ ಬರ್ತದಲ್ಲಾ ಟೀಚರೇ, ಸರ್ ಶುರು ಮಾಡಿದ್ರಾ?" ಎಂದು ಸಣ್ಣ ಸ್ವರದಲ್ಲಿ ಕೇಳಿದರು. ಒಂದು ತೊಟ್ಟೂ ಮುಟ್ಟದ ನನ್ನ ಗಂಡ ಬಕೆಟ್ ಹಿಡಿದುಕೊಂಡೇ ನಕ್ಕುಬಿಟ್ಟರು. ಕೊನೆಗೆ ಮೂವರೂ ಸೇರಿ ಗೋಡೆ ಒರೆಸಿದೆವು.

ಚಕ್ರವನ್ನೇ ಕತ್ತರಿಸಿ ಎಸೆದು ಎರಡನೆಯ ಬಾಟ್ಲಿ ಕಟ್ಟಿದೆವು. ಅದು ಮುಗಿದು ಮೂರನೆಯದು. ಗಿಡ ನಿಧಾನಕ್ಕೆ ಚಿಗುರಿತು. ಮೊದಲು ಬುಡದಲ್ಲಿ ಒಂದು ತಿಳಿ ಹಸಿರು ಮೊನೆ, ಆಮೇಲೆ ಅದರ ಪಕ್ಕದಲ್ಲಿ ಇನ್ನೊಂದು. ನಾನು ದಿನಾ ಮಧ್ಯಾಹ್ನ ಊಟ ಮುಗಿಸಿ ಕುರ್ಚಿ ಎಳೆದುಕೊಂಡು ತೊಟ್ಟಿಯ ಎದುರು ಕೂರುತ್ತಿದ್ದೆ. ಡ್ರಿಪ್ಪಿನ ಕೊಳವೆಯಲ್ಲಿ ಎರಡು ಸೆಕೆಂಡಿಗೆ ಒಂದು ಗುಳ್ಳೆ ಹೋಗುತ್ತಿತ್ತು, ಆದರೆ ಅದು ಬಾಟ್ಲಿಯ ಗುಳ್ಳೆ. ನಾನು ಕಾಯುತ್ತಿದ್ದುದು ಎಲೆಯ ಗುಳ್ಳೆಗೆ.

ಅದು ಬಂದದ್ದು ಮಾಗಿಯ ಒಂದು ಮಧ್ಯಾಹ್ನ. ಎಲೆಯ ಅಂಚಿನಲ್ಲಿ ಸಾಸಿವೆಗಿಂತ ಸಣ್ಣದೊಂದು ಬೆಳ್ಳಿ ಚುಕ್ಕೆ ಕಂಡಿತು. ಕನ್ನಡಕ ಒರೆಸಿ ನೋಡಿದೆ. ಒಂದಲ್ಲ, ಸಾಲಾಗಿ ಇದ್ದವು. ನೀರು ಇನ್ನು ಹಿಡಿಸಲಾರದಷ್ಟು ಆಮ್ಲಜನಕವನ್ನು ಗಿಡ ಬಿಟ್ಟಾಗ ಹಾಗೆ ಎಲೆಯ ಮೇಲೆಯೇ ಗುಳ್ಳೆ ಕಟ್ಟುತ್ತದೆ. ಚುಕ್ಕೆ ದೊಡ್ಡದಾಯಿತು, ನಡುಗಿತು, ಕಳಚಿಕೊಂಡು ಮೇಲೆ ಹೋಯಿತು. ಹಿಂದೆಯೇ ಇನ್ನೊಂದು. ಒಂದು ಎಲೆ ಮುರಿದ ಜಾಗದಿಂದ ದಾರ ಬಿಟ್ಟ ಹಾಗೆ ಎಳೆಯಾಗಿ ಏಳತೊಡಗಿತು. ಇಪ್ಪತ್ತೆಂಟು ಬ್ಯಾಚಿನ ಮಕ್ಕಳು ಕಾಣದೆ ಬರೆದದ್ದನ್ನು ನಾನು ಕಂಡೆ. ಸಂತೋಷವಾಯಿತು, ಅದರ ಬೆನ್ನಿಗೇ ನಾಚಿಕೆಯೂ ಆಯಿತು. ಕಣ್ಣಲ್ಲಿ ನೀರು ಬಂತು. ನನ್ನ ಗಂಡ ಪೇಪರ್ ಕೆಳಗಿಟ್ಟು, "ಎಂತ, ಗುಳ್ಳೆ ಕಂಡದ್ದಕ್ಕೆ ಕೂಗುದಾ ನೀನು?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಚಾ ಇಡಲು ಹೋದರು.

ಆ ತಿಂಗಳು ಲ್ಯಾಬಿಗೆ ಹೋದಾಗ ಗೋಡೆ ನೋಡಲಿಲ್ಲ. ಅವಳು ತೋಳಿಗೆ ರಬ್ಬರ್ ಕಟ್ಟುತ್ತಿರುವಾಗ ಕೇಳಿಯೇಬಿಟ್ಟೆ. "ಎಂಟನೆಯ ಕ್ಲಾಸಿನ ರೆಕಾರ್ಡ್ ನೆನಪುಂಟಾ ನಿನಗೆ? ಗುಳ್ಳೆಯದ್ದು?"

"ನೆನಪಿಲ್ಲದೆ ಎಂತ ಟೀಚರ್. ಮನೆಗೆ ಹೋಗಿ ರಾತ್ರಿವರೆಗೆ ಕೂಗಿದ್ದೇನೆ. ಮುಷ್ಟಿ ಹಿಡೀರಿ," ಎಂದಳು. ಸಿಟ್ಟೇನೂ ಇರಲಿಲ್ಲ, ನಗುತ್ತಲೇ ಹೇಳಿದಳು. "ಆದ್ರೆ ಅದು ಒಳ್ಳೆದೇ ಆಯ್ತು. ಮತ್ತೆ ನಾನು ಪುಸ್ತಕದಲ್ಲಿ ಇದ್ದದ್ದನ್ನೇ ಬರೆಯುದು ಕಲಿತೆ. ಡಿಪ್ಲೊಮಾದಲ್ಲಿ ಕೂಡ ಪ್ರಾಕ್ಟಿಕಲ್‌ಗೆ ಫುಲ್ ಮಾರ್ಕ್. ನಿಮ್ಮಿಂದಲೇ."

ಸೂಜಿ ಹೋದದ್ದು ಗೊತ್ತಾಗಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನಾನು ಮಾಡಿದ ಕೆಡುಕಿಗೆ ಅವಳು ಮನಸಾರೆ ಥ್ಯಾಂಕ್ಸ್ ಹೇಳುತ್ತಿದ್ದಳು. "ಭಾನುವಾರ ಮನೆಗೆ ಬಾ, ಒಂದು ವಸ್ತು ತೋರಿಸಲಿಕ್ಕುಂಟು" ಎಂದಷ್ಟೇ ಹೇಳಿ ಹತ್ತಿ ಒತ್ತಿಕೊಂಡು ಎದ್ದು ಬಂದೆ.

ಶನಿವಾರ ಸಂಜೆ ಹಳೆಯ ಬಾಟ್ಲಿ ಬಿಚ್ಚಿ ಹೊಸತು ಕಟ್ಟಿದೆ. ಅವಳು ಬರುವಾಗ ಗುಳ್ಳೆ ಜೋರಾಗಿ ಇರಲಿ ಎಂಬ ಆಸೆಗೆ ಈಸ್ಟ್ ಸ್ವಲ್ಪ ಹೆಚ್ಚೇ ಹಾಕಿದೆ, ನೀರನ್ನೂ ಸ್ವಲ್ಪ ಹೆಚ್ಚೇ ಬಿಸಿ ಮಾಡಿದೆ. ಭಾನುವಾರ ಬೆಳಗಿನಿಂದ ಅಡುಗೆಮನೆಯಲ್ಲೇ ಇದ್ದೆ, ಕೋಳಿ ಸುಕ್ಕ, ನೀರುದೋಸೆ. ತೊಟ್ಟಿಯ ಲೈಟು ಮಾತ್ರ ಹಾಕಿ ಬಂದಿದ್ದೆ. ಅವಳು ಊಟದ ಹೊತ್ತಿಗೆ ಬಂದಳು, ಸೇಬು ತಂದಿದ್ದಳು. ಊಟ ಮುಗಿಸಿ, ಕುರ್ಚಿ ಎಳೆದು, ಅವಳನ್ನು ತೊಟ್ಟಿಯ ಎದುರು ಕೂರಿಸಿದೆ. ನಾನು ಅವಳ ಹಿಂದೆ ನಿಂತೆ.

"ಎಂತ ಕಾಣ್ತದೆ ಹೇಳು," ಎಂದೆ.

ಅವಳು ಮುಂದಕ್ಕೆ ಬಾಗಿ ನೋಡಿದಳು. ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಬೆನ್ನು ನೆಟ್ಟಗೆ ಮಾಡಿ, ತರಗತಿಯಲ್ಲಿ ಎದ್ದು ನಿಂತವಳ ಸ್ಪಷ್ಟ ಸ್ವರದಲ್ಲಿ, "ಗಿಡದಿಂದ ಗುಳ್ಳೆ ಬರ್ತಾ ಉಂಟು ಟೀಚರ್. ತುಂಬಾ ಚಂದ ಉಂಟು," ಎಂದಳು.

ನಾನು ಬಾಗಿ ನೋಡಿದೆ. ಎಲೆಗಳ ಮೇಲೆ ಏನೂ ಇರಲಿಲ್ಲ. ಅಂಚಿನಲ್ಲೂ ಇಲ್ಲ, ಬುಡದಲ್ಲೂ ಇಲ್ಲ. ಡ್ರಿಪ್ಪಿನ ಕೊಳವೆಯ ನೀರು ಅಲುಗದೆ ನಿಂತಿತ್ತು. ಗಪ್ಪಿಗಳು ಮಾತ್ರ ಆಚೀಚೆ ಹೋಗುತ್ತಿದ್ದವು. ಅವಳ ಕಣ್ಣು ಸರಿಯಾಗಿಯೇ ಇತ್ತು. ದಿನಕ್ಕೆ ನೂರು ಸ್ಲೈಡ್ ನೋಡುವ ಕಣ್ಣು. ಇಲ್ಲದ್ದನ್ನು ಇದೆ ಎಂದು ನನ್ನ ಮುಖ ನೋಡದೆ ಹೇಳಲು ಅವಳಿಗೆ ಕಲಿಸಿದವಳು ನಾನು. ಅವಳ ಕುರ್ಚಿಯ ಪಕ್ಕ ನೆಲದ ಮೇಲೆಯೇ ಕೂತುಬಿಟ್ಟೆ.

"ಇಲ್ಲ ಮಗಾ," ಎಂದೆ. "ಒಂದೂ ಬರ್ತಾ ಇಲ್ಲ. ಅವತ್ತೂ ಬಂದಿರ್ಲಿಲ್ಲ. ನೀನು ಬರೆದದ್ದು ಸರಿ ಇತ್ತು, ನಾನು ಹೊಡೆದುಹಾಕಿದ್ದು."

ಅವಳು ಗಾಬರಿಯಾಗಿ ಕುರ್ಚಿಯಿಂದ ಇಳಿದು ನನ್ನ ಪಕ್ಕ ಕೂತಳು. ನಿಮಗೆ ಬೇಜಾರಾಗ್ತದೆ ಅಂತ ಹಾಗೆ ಹೇಳಿದ್ದು ಟೀಚರ್ ಎಂದಳು. ನನಗೆ ಬೇಜಾರಾಗಲಿ, ಕಂಡದ್ದನ್ನು ಹೇಳು ಎಂದೆ. ಅವಳು ಇನ್ನೊಮ್ಮೆ ತೊಟ್ಟಿಯ ಕಡೆ ತಿರುಗಿದಳು. ಈ ಸಲ ಎಲೆಯನ್ನು ಮಾತ್ರ ಅಲ್ಲ, ಟ್ಯೂಬನ್ನೂ ಕೊಳವೆಯನ್ನೂ ಬಾಟ್ಲಿಯನ್ನೂ ಒಂದೊಂದಾಗಿ ನೋಡಿದಳು. ಹುಬ್ಬು ಗಂಟಿಕ್ಕಿತು. ಎದ್ದು ಹೋಗಿ ಬಾಟ್ಲಿಯ ಮುಚ್ಚಳ ತಿರುಗಿಸಿ ಮೂಸಿದಳು.

"ಬರೀ ಸಕ್ಕರೆ ವಾಸನೆ. ಇದು ಹುಳಿಯೇ ಬರ್ಲಿಲ್ಲ. ಟೀಚರ್, ಈಸ್ಟ್ ಹಾಕುವಾಗ ನೀರು ಎಷ್ಟು ಬಿಸಿ ಇತ್ತು?"

"ಸ್ವಲ್ಪ ಬಿಸಿ."

"ಸ್ವಲ್ಪ ಅಂದ್ರೆ? ಬೆರಳು ಇಡ್ಲಿಕ್ಕೆ ಆಗ್ತಿತ್ತಾ?"

ಇಲ್ಲ ಎಂದು ಒಪ್ಪಿಕೊಂಡೆ. ಅವಳು ಬಾಟ್ಲಿಯನ್ನು ಬೆಳಕಿಗೆ ಹಿಡಿದು, ತಳದಲ್ಲಿ ಕೂತ ಬೂದು ಬಣ್ಣದ ಹುಡಿಯನ್ನು ನನಗೆ ತೋರಿಸಿದಳು. ಅವಳ ಮುಖದಲ್ಲಿ ಈಗ ಮರ್ಯಾದೆಯ ನಗು ಇರಲಿಲ್ಲ.

"ಬಿಸಿಗೆ ಈಸ್ಟ್ ಎಲ್ಲ ಸತ್ತಿದೆ," ಎಂದಳು. "ಇದು ನಿಮ್ಮದೇ ತಪ್ಪು ಟೀಚರ್."